ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಮದ ಮೇಲೆ ತೆಳು ಗೆರೆ ಎಳೆಯುವ ಬೋರ್ಡು, ಬೂಟು, ಬೈಂಡಿಂಗ್

ಬೋರ್ಡನ್ನು ಅಡ್ಡಡ್ಡ ಜಾರಿಸದೆ ಅದರ ಉಕ್ಕಿನ ಅಂಚಿನ ಮೇಲೆಯೇ ತಿರುವು ತೆಗೆದುಕೊಳ್ಳುತ್ತ ಇಳಿಯುವುದು ಆಲ್ಪೈನ್ ಕಾರ್ವಿಂಗ್. ಇದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು, ಅದನ್ನು ಬೋರ್ಡಿಗೆ ಹಿಡಿದಿಡುವ ಲೋಹದ ಪ್ಲೇಟ್ ಬೈಂಡಿಂಗ್, ಉದ್ದವಾದ ಕಿರಿದಾದ ಬೋರ್ಡು ಬೇಕು. ಈ ಮೂರೂ ಒಂದಕ್ಕೊಂದು ಹೊಂದದಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಗೆರೆ ತೆಳುವಾಗುವುದಿಲ್ಲ. ಈ ಸಲದ ಪ್ರಶ್ನೆಗಳೆಲ್ಲ ಈ ಹೊಂದಾಣಿಕೆಯ ಬಗ್ಗೆಯೇ ಇವೆ.

ಪ್ರಶ್ನೆ: ಮೆತ್ತನೆ ಬೂಟಿನ ಸಾಮಾನ್ಯ ಸ್ನೋಬೋರ್ಡಿನಲ್ಲಿ ಚೆನ್ನಾಗಿ ಇಳಿಯಬಲ್ಲೆ. ಈಗ ಕಾರ್ವಿಂಗ್ ಸೆಟ್ ಕೊಳ್ಳಬೇಕೆಂದಿದ್ದೇನೆ. ಇರುವ ಹಣವನ್ನು ಮೊದಲು ಯಾವುದಕ್ಕೆ ಹಾಕಲಿ?

ಬೂಟಿಗೆ. ಬೋರ್ಡಿನ ಅಂದಕ್ಕೆ ಮನಸೋತು ಅದನ್ನೇ ಮೊದಲು ಕೊಳ್ಳುವವರೇ ಹೆಚ್ಚು. ಆದರೆ ಲೆಕ್ಕ ಶುರುವಾಗುವುದು ಪಾದದಿಂದ. ಪಾದ ಬೂಟನ್ನು ನಿರ್ಧರಿಸುತ್ತದೆ, ಬೂಟಿನ ಸೋಲ್ ಉದ್ದ ಬೈಂಡಿಂಗಿನ ಕೋನವನ್ನು, ಕೋನ ಬೋರ್ಡಿನ ಅಗಲವನ್ನು. ಈ ಸರಪಳಿಯನ್ನು ತುದಿಯಿಂದ ಹಿಡಿದು ಬಂದರೆ ಕೊಂಡ ಬೋರ್ಡು ಪಾದಕ್ಕೆ ಹೊಂದದೆ ಮೂಲೆ ಸೇರುವ ಪ್ರಸಂಗ ಬರುವುದಿಲ್ಲ.

ಬೂಟಿನ ಅಳತೆಯನ್ನು ಲೈನರ್, ಅಂದರೆ ಒಳಗಿನ ಮೆತ್ತನೆ ಪದರ, ಹಾಕಿಕೊಂಡು ನೋಡಬೇಡಿ. ಹೊಸ ಲೈನರ್ ದಪ್ಪಗಿರುತ್ತದೆ, ನಾಲ್ಕು ದಿನ ತೊಟ್ಟರೆ ಇಳಿಯುತ್ತದೆ; ಅದನ್ನು ನಂಬಿದವರು ಒಂದು ಅಳತೆ ದೊಡ್ಡದನ್ನೇ ತರುತ್ತಾರೆ. ಲೈನರ್ ಹೊರಗೆ ತೆಗೆದು, ತೆಳು ಕಾಲುಚೀಲ ಹಾಕಿದ ಪಾದವನ್ನು ಬರೀ ಶೆಲ್ಲಿಗೆ, ಅಂದರೆ ಹೊರಗಿನ ಗಟ್ಟಿ ಕವಚಕ್ಕೆ, ಇಳಿಸಿ. ಬೆರಳುಗಳು ಮುಂದೆ ಸುಮ್ಮನೆ ತಾಗುವಂತೆ ಜರುಗಿ ನಿಂತು, ಹಿಮ್ಮಡಿಯ ಹಿಂದೆ ಎಷ್ಟು ಜಾಗವಿದೆ ನೋಡಿ. 10ರಿಂದ 15 ಮಿ.ಮೀ. ಇದ್ದರೆ ಬಿಗಿಯಾದ ಒಳ್ಳೆಯ ಅಳತೆ. 20 ಮಿ.ಮೀ. ವರೆಗೆ ಸಹಿಸಬಹುದು. ಅದಕ್ಕೂ ಹೆಚ್ಚಾದರೆ ಆ ಬೂಟು ನಿಮ್ಮದಲ್ಲ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡಿ. ಒಳಗೆ ಹಿಮ್ಮಡಿ ಎದ್ದರೆ ಬೋರ್ಡು ಅಂಚಿಗೆ ಏಳುವ ಮೊದಲು ನಿಮ್ಮ ಪಾದವೇ ಬೂಟಿನೊಳಗೆ ಏಳುತ್ತದೆ. ಬಕಲ್ ಬಿಗಿದು ಅದನ್ನು ಸರಿಪಡಿಸಲು ಹೋದವರಿಗೆ ಸಿಗುವುದು ಜೋಮು ಹಿಡಿದ ಪಾದ ಮಾತ್ರ.

ಶೆಲ್ ಸರಿಹೊಂದಿದ ಮೇಲೆ, ಬಿಸಿ ಮಾಡಿ ಪಾದದ ಆಕಾರಕ್ಕೆ ತರುವ ಲೈನರ್ ಹಾಕಿಸಿಕೊಳ್ಳಿ. ಬೂಟಿಗೆ ಹಾಕುವ ಹಣದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಮನೆಯಲ್ಲಿ ಸ್ಕೀ ಬೂಟು ಇದೆ. ಪ್ಲೇಟ್ ಬೈಂಡಿಂಗಿಗೆ ಅದೇ ಸಾಲದೆ?

ಒಂದೆರಡು ದಿನ ರುಚಿ ನೋಡಲು ಸಾಕು, ಆದರೆ ಅಲ್ಲಿಗೇ ನಿಲ್ಲಿಸಿ. ಸ್ಕೀ ಬೂಟು ಪಕ್ಕಕ್ಕೆ ಬಾಗುವುದೇ ಇಲ್ಲ. ಕಾರ್ವಿಂಗಿನಲ್ಲಿ ಮೊಣಕಾಲು ಬೋರ್ಡಿನ ಉದ್ದಕ್ಕೂ ಅಡ್ಡಕ್ಕೂ ಓಡಾಡಬೇಕು. ಆ ಓಡಾಟವನ್ನು ಬೂಟು ತಡೆದರೆ ನೋವು ತಿನ್ನುವುದು ಮೊಣಕಾಲು. ಅದರ ಸೋಲ್ ಕೂಡ ಅದೇ ಪಾದದ ಅಳತೆಯ ಸ್ನೋಬೋರ್ಡ್ ಬೂಟಿಗಿಂತ ಉದ್ದವಿರುತ್ತದೆ, ಹಾಗಾಗಿ ತುದಿಗಳು ಅಂಚಿನಿಂದ ಆಚೆ ಇಣುಕುತ್ತವೆ. ನಡೆಯಲು ಅನುಕೂಲವಾಗಲೆಂದು ಬಾಗಿದ ರಬ್ಬರ್ ಸೋಲ್ ಇರುವ ಸ್ಕೀ ಬೂಟನ್ನಂತೂ ಪ್ಲೇಟ್ ಬೈಂಡಿಂಗಿಗೆ ಹಾಕಲೇಬೇಡಿ. ಇಲ್ಲಿ ಬೂಟನ್ನು ಹಿಡಿಯುವುದು ಮುಂದೊಂದು ಹಿಂದೊಂದು ಕಂಬಿ. ಅವುಗಳ ಕೆಳಗೆ ಸೋಲ್ ಸಮತಟ್ಟಾಗಿ ಕೂರಬೇಕು.

ಡೀಲಕ್ಸ್, ಯುಪಿಝಡ್, ಮೌಂಟನ್ ಸ್ಲೋಪ್ ಮೊದಲಾದವರು ಮಾಡುವ ಸ್ನೋಬೋರ್ಡ್ ಗಟ್ಟಿ ಬೂಟುಗಳ ಹಿಂಬದಿಯಲ್ಲಿ ಮುಂಬಾಗು, ಅಂದರೆ ಕಾಲು ಮುಂದಕ್ಕೆ ಬಾಗಿ ನಿಲ್ಲುವ ಪ್ರಮಾಣ, ಹೆಚ್ಚುಕಡಿಮೆ ಮಾಡುವ ವ್ಯವಸ್ಥೆ ಇರುತ್ತದೆ. ಐದು ಹಂತಗಳಿದ್ದರೆ ಮುಂದಿನ ಕಾಲಿಗೆ ನೆಟ್ಟಗಿನ ಕಡೆಯಿಂದ ಎರಡನೆಯದು, ಹಿಂದಿನ ಕಾಲಿಗೆ ಮೂರು ಅಥವಾ ನಾಲ್ಕನೆಯದು ಒಳ್ಳೆಯ ಆರಂಭ. ಹಿಂದಿನ ಕಾಲು ಹೆಚ್ಚು ಮಡಿದಿರುತ್ತದೆ, ಅದಕ್ಕೇ ಈ ವ್ಯತ್ಯಾಸ.

ಪ್ರಶ್ನೆ: ನನ್ನ ಬೂಟಿನ ಸೋಲ್ 300 ಮಿ.ಮೀ. ಬೋರ್ಡಿನ ಸೊಂಟದ ಅಗಲ 20 ಸೆಂ.ಮೀ. ಬೈಂಡಿಂಗಿನ ಕೋನ ಎಷ್ಟಿರಬೇಕು? ಒಬ್ಬರು 55 ಡಿಗ್ರಿ ಅನ್ನುತ್ತಾರೆ, ಇನ್ನೊಬ್ಬರು 65.

ಇಬ್ಬರೂ ತಮ್ಮ ಬೋರ್ಡಿಗೆ ಹೊಂದಿದ್ದನ್ನು ಹೇಳಿದ್ದಾರೆ. ಇದು ಅಭಿರುಚಿಯ ವಿಷಯವಲ್ಲ, ಅಳೆಯುವ ವಿಷಯ. ಬೂಟಿನ ತುದಿ ಹಾಗೂ ಹಿಮ್ಮಡಿ ಎರಡೂ ಅಂಚಿಗೆ ಸರಿಸಮ ಬರಬೇಕು. ಹೊರಚಾಚಿದರೆ ಆಳವಾಗಿ ವಾಲಿದಾಗ ಬೂಟು ಹಿಮಕ್ಕೆ ತಾಗಿ ಅಂಚನ್ನು ಎತ್ತಿಬಿಡುತ್ತದೆ, ನೀವು ಅಲ್ಲೇ ಜಾರಿ ಬೀಳುತ್ತೀರಿ. ತೀರ ಒಳಗಿದ್ದರೆ ಅಂಚನ್ನು ಒತ್ತುವ ಬಲ ಕಡಿಮೆಯಾಗಿ ಬೋರ್ಡು ಒಂದು ಅಂಚಿನಿಂದ ಇನ್ನೊಂದಕ್ಕೆ ತಡವಾಗಿ ಬರುತ್ತದೆ.

ಮೊದಲು ಬೋರ್ಡಿನ ನಿಜವಾದ ಅಗಲ. 20 ಸೆಂ.ಮೀ. ಎಂಬುದು ತೀರ ನಡುವಿನ ಅಳತೆ. ಎರಡು ಬೈಂಡಿಂಗ್‌ಗಳ ನಡುವೆ 48 ಸೆಂ.ಮೀ. ಅಂತರವಿದ್ದರೆ ಪ್ರತಿ ಪಾದ ನಡುವಿನಿಂದ 24 ಸೆಂ.ಮೀ. ದೂರದಲ್ಲಿರುತ್ತದೆ. ಸೈಡ್‌ಕಟ್, ಅಂದರೆ ಬೋರ್ಡಿನ ಪಕ್ಕದ ಅಂಚಿನ ಒಳಬಾಗು, ಅದರ ತ್ರಿಜ್ಯ 12 ಮೀಟರ್ ಆಗಿದ್ದರೆ ಅಲ್ಲಿ ಬೋರ್ಡು ಒಟ್ಟು ಸುಮಾರು 5 ಮಿ.ಮೀ. ಹೆಚ್ಚು ಅಗಲ. ಅಂದರೆ ನಿಮಗೆ ಸಿಗುವುದು 205 ಮಿ.ಮೀ.

ಇನ್ನು ಬೂಟು. ಸೋಲಿನ ತುದಿಯ ಅಗಲ ಸುಮಾರು 69 ಮಿ.ಮೀ. ಎಂದಿಟ್ಟುಕೊಳ್ಳಿ. ಬೋರ್ಡಿಗೆ ಅಡ್ಡಲಾಗಿ ಇಟ್ಟದ್ದು ಸೊನ್ನೆ ಡಿಗ್ರಿ. ಅಲ್ಲಿಂದ ತಿರುಗಿಸುತ್ತ ಹೋದಂತೆ ಬೂಟು ಅಡ್ಡಕ್ಕೆ ತಿನ್ನುವ ಜಾಗ ಕಡಿಮೆಯಾಗುತ್ತದೆ. ನಿಮ್ಮ 300 ಮಿ.ಮೀ. ಸೋಲಿಗೆ 55 ಡಿಗ್ರಿಯಲ್ಲಿ 229 ಮಿ.ಮೀ. ಬೇಕು, 60ರಲ್ಲಿ 210, 65ರಲ್ಲಿ 189. ಈ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಸುಮಾರು 4 ಮಿ.ಮೀ. ವ್ಯತ್ಯಾಸ. ಲೆಕ್ಕದಂತೆ ನಿಮಗೆ 61 ಡಿಗ್ರಿ. ಸೋಲಿನ ಮೂಲೆಗಳು ದುಂಡಗಿರುವುದರಿಂದ 60 ಕೂಡ ನಡೆಯುತ್ತದೆ. 55 ಇಟ್ಟರೆ ಎರಡೂ ಬದಿ ಸೇರಿ 24 ಮಿ.ಮೀ. ಹೊರಗೆ, ಬೀಳುವುದು ಖಂಡಿತ. 65 ಇಟ್ಟರೆ 16 ಮಿ.ಮೀ. ಒಳಗೆ.

ಮುಂದಿನ ಕಾಲು 61 ಇದ್ದರೆ ಹಿಂದಿನದನ್ನೂ 61 ಇಡಬಹುದು, ಅಥವಾ 2–3 ಡಿಗ್ರಿ ಕಡಿಮೆ. ಕಡಿಮೆ ಮಾಡಿದಾಗ ಹಿಂದಿನ ಬೂಟು ಹೊರಚಾಚಿತೇ ಎಂದು ಮತ್ತೆ ನೋಡಿ. ಹಿಂದಿನ ಕೋನ ಮುಂದಿನದಕ್ಕಿಂತ ಹೆಚ್ಚಾಗುವುದು ಬೇಡ. ಮೊಣಕಾಲುಗಳು ಒಂದಕ್ಕೊಂದು ತಗಲಿ ನಿಲುವೇ ಕಟ್ಟಿಹಾಕಿದಂತಾಗುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ಬಹಳ ಮಂದಿ ಗಮನಿಸುವುದಿಲ್ಲ. ಮುಂದಿನ ಬೂಟಿನ ತುದಿ ಬೋರ್ಡಿನ ಮೂತಿಯ ಕಡೆಗಿರುವ ಅಗಲ ಜಾಗಕ್ಕೆ ಹೋಗುತ್ತದೆ, ಅದರ ಹಿಮ್ಮಡಿ ಕಿರಿದಾದ ಸೊಂಟಕ್ಕೆ ಬರುತ್ತದೆ. ಹಿಂದಿನ ಬೂಟಿಗೆ ಇದು ತಿರುಗುಮುರುಗು. ಆದ್ದರಿಂದ ಎರಡೂ ಬೂಟನ್ನು ಬೋರ್ಡಿನ ನಡುಗೆರೆಗೆ ಸಮನಾಗಿ ಇಟ್ಟರೆ ಮುಂದಿನ ಹಿಮ್ಮಡಿಯೂ ಹಿಂದಿನ ಬೂಟಿನ ತುದಿಯೂ ಒಂದಿಷ್ಟು ಹೊರಗೆ ಇಣುಕುತ್ತವೆ. ಮುಂದಿನದನ್ನು ಬೆರಳಿನ ಅಂಚಿನ ಕಡೆಗೂ ಹಿಂದಿನದನ್ನು ಹಿಮ್ಮಡಿ ಅಂಚಿನ ಕಡೆಗೂ 2–3 ಮಿ.ಮೀ. ಸರಿಸಿ. ಬೈಂಡಿಂಗಿನ ಮುಂಭಾಗ, ಹಿಂಭಾಗ ಎರಡನ್ನೂ ತಟ್ಟೆಯ ಮೇಲೆ ಒಂದೇ ದಿಕ್ಕಿಗೆ 5 ಮಿ.ಮೀ. ಜರುಗಿಸಿದರೆ 60 ಡಿಗ್ರಿಯಲ್ಲಿ ಅಡ್ಡಕ್ಕೆ 2.5 ಮಿ.ಮೀ. ಸರಿದಂತೆ.

ಲೆಕ್ಕ ಏನೇ ಹೇಳಲಿ, ಕೊನೆಯ ತೀರ್ಪು ಕಣ್ಣಿನದು. ಬೂಟು ಹಾಕಿ ಬೋರ್ಡನ್ನು ಸಮತಟ್ಟು ನೆಲದ ಮೇಲೆ ಒಂದು ಅಂಚಿನ ಮೇಲೆ ನಿಲ್ಲಿಸಿ, ನಿಧಾನವಾಗಿ ವಾಲಿಸಿ. ಬೂಟು ಯಾವ ಕೋನದಲ್ಲಿ ನೆಲಕ್ಕೆ ತಾಗುತ್ತದೆ ಎಂಬುದು ಅಲ್ಲೇ ಕಾಣುತ್ತದೆ.

ಪ್ರಶ್ನೆ: ಅಷ್ಟು ಕಡಿದಾದ ಕೋನದಲ್ಲಿ ನಿಲ್ಲಲು ಭಯ. 50ರ ಆಸುಪಾಸಿನಲ್ಲಿ ಕಲಿಯಲಾಗದೆ?

ಖಂಡಿತ ಆಗುತ್ತದೆ, ಅದಕ್ಕೆ ತಕ್ಕ ಅಗಲದ ಬೋರ್ಡು ಹಿಡಿದರೆ. 300 ಮಿ.ಮೀ. ಸೋಲಿಗೆ 24 ಸೆಂ.ಮೀ. ಸೊಂಟವಿದ್ದರೆ 50–51 ಡಿಗ್ರಿ ಸಾಕು, 22 ಸೆಂ.ಮೀ. ಇದ್ದರೆ 56. ಪಾದ ದೊಡ್ಡದಿರುವವರು ಕಿರಿದಾದ ರೇಸ್ ಬೋರ್ಡು ಕೊಂಡು 65 ದಾಟಿ ನಿಂತು ಸಮತೋಲ ಸಿಗದೆ ಕೈಬಿಡುವುದು ಬೇಸರದ ಸಂಗತಿ. ತಪ್ಪು ಅವರದಲ್ಲ, ಅಗಲದ್ದು.

ಪ್ರಶ್ನೆ: ನನ್ನ ತೂಕ 68 ಕೆ.ಜಿ. 185 ಸೆಂ.ಮೀ. ಉದ್ದದ ಹಳೆಯ ಜಯಂಟ್ ಸ್ಲಾಲಮ್ ಬೋರ್ಡು ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಲೆ?

ಮೊದಲ ಬೋರ್ಡಾಗಿ ಬೇಡ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಿಂದ ನಡೆಯುತ್ತಿರುವ, ಇಬ್ಬರು ಅಕ್ಕಪಕ್ಕದ ಹಾದಿಯಲ್ಲಿ ಬಾವುಟಗಳನ್ನು ಸುತ್ತುತ್ತ ಇಳಿಯುವ ಪ್ಯಾರಲಲ್ ಜಯಂಟ್ ಸ್ಲಾಲಮ್‌ನಂಥ ಸ್ಪರ್ಧೆಗೆಂದು ಮಾಡಿದ ಬೋರ್ಡಿಗೆ ವೇಗವೇ ಉಸಿರು. ಏಕೆಂದು ಅಂಕಿಗಳಲ್ಲೇ ನೋಡಿ.

ಗಟ್ಟಿ ಹಿಮದ ಮೇಲೆ ಬೋರ್ಡನ್ನು 45 ಡಿಗ್ರಿ ವಾಲಿಸಿದರೆ ಅದು ಕೊರೆಯುವ ತಿರುವಿನ ತ್ರಿಜ್ಯ ಸೈಡ್‌ಕಟ್ ತ್ರಿಜ್ಯದ ಸುಮಾರು ಶೇಕಡಾ 70. 60 ಡಿಗ್ರಿ ವಾಲಿಸಿದರೆ ಅರ್ಧ. ದೇಹವೂ 45 ಡಿಗ್ರಿ ವಾಲಿ ಬೀಳದೆ ನಿಲ್ಲಬೇಕಾದರೆ ಅದಕ್ಕೊಂದು ವೇಗ ಬೇಕು. ಇಳಿಜಾರಿನ ಸೆಳೆತವನ್ನು ಲೆಕ್ಕಕ್ಕೆ ತಾರದೆ ಹೇಳುವುದಾದರೆ, 10 ಮೀಟರ್ ಸೈಡ್‌ಕಟ್ಟಿಗೆ ಗಂಟೆಗೆ ಸುಮಾರು 30 ಕಿ.ಮೀ., 12ಕ್ಕೆ 33, ಇಂಥ ಉದ್ದ ಬೋರ್ಡಿನಲ್ಲಿ ಕಾಣುವ 18ಕ್ಕೆ 40. ಹೊಸಬರು 30ರಲ್ಲಿ ಧೈರ್ಯವಾಗಿ ವಾಲುತ್ತಾರೆ. 40ರಲ್ಲಿ ಹೆದರಿ ವಾಲುವುದನ್ನು ನಿಲ್ಲಿಸುತ್ತಾರೆ, ವಾಲದಿದ್ದರೆ ಆ ಬೋರ್ಡು ತಿರುಗುವುದಿಲ್ಲ, ತಿರುಗದಿದ್ದರೆ ವೇಗ ಇನ್ನೂ ಏರುತ್ತದೆ. ಈ ಸುಳಿಗೆ ಸಿಕ್ಕವರು ಕೊನೆಗೆ ಹಿಂಗಾಲಿನಿಂದ ತಳ್ಳಿ ಜಾರಿಸುವ ಅಭ್ಯಾಸ ಬೆಳೆಸಿಕೊಳ್ಳುತ್ತಾರೆ. ಅದನ್ನು ಬಿಡಿಸುವುದು ಆಮೇಲೆ ಕಷ್ಟ.

ಜೊತೆಗೆ ನಿಮ್ಮ ತೂಕ. ಭಾರದ ಸ್ಪರ್ಧಿಗೆಂದು ಗಟ್ಟಿಯಾಗಿ ಕಟ್ಟಿದ ಬೋರ್ಡನ್ನು 68 ಕೆ.ಜಿ.ಯಲ್ಲಿ ಬಾಗಿಸುವುದು ಕಷ್ಟ. 160ರಿಂದ 168 ಸೆಂ.ಮೀ. ಉದ್ದ, 9ರಿಂದ 11 ಮೀಟರ್ ಸೈಡ್‌ಕಟ್, ಫ್ರೀಕಾರ್ವ್ ಎಂದು ಕರೆಯುವ ಬಗೆಯ ಬೋರ್ಡು ಹುಡುಕಿ. ಡೋನೆಕ್, ಕಾಯ್ಲರ್‌ನಂಥ ಸಣ್ಣ ತಯಾರಕರಿಂದ ಮಾಡಿಸುವುದಾದರೆ ತೂಕವನ್ನೂ ಸೋಲ್ ಉದ್ದವನ್ನೂ ಮುಚ್ಚುಮರೆಯಿಲ್ಲದೆ ಹೇಳಿ. ಕಟ್ಟುವವರು ಗಡಸನ್ನೂ ಅಗಲವನ್ನೂ ಹೊಂದಿಸುವುದು ಅದರ ಮೇಲೆಯೇ.

ಹಳೆಯದನ್ನೇ ಕೊಳ್ಳುವಾಗ ಬೋರ್ಡನ್ನು ಸಮ ಮೇಜಿನ ಮೇಲಿಟ್ಟು ನಡುವೆ ಕಮಾನು ಉಳಿದಿದೆಯೇ ನೋಡಿ. ತುದಿಯಿಂದ ಕಣ್ಣಳತೆ ಮಾಡಿದರೆ ತಿರುಚಿಕೊಂಡದ್ದು ಗೊತ್ತಾಗುತ್ತದೆ. ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ ಇರುವ ಬೋರ್ಡು ನಡುಕವನ್ನು ಸೊಗಸಾಗಿ ನುಂಗುತ್ತದೆ, ಆದರೆ ಜೋರಾಗಿ ಗುದ್ದಿದರೆ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಬಾಗಿದ ಲೋಹದ ಬೋರ್ಡಿಗೆ ರಿಪೇರಿ ಇಲ್ಲ.

ಪ್ರಶ್ನೆ: ಬೈಂಡಿಂಗನ್ನು ನಾನೇ ಕೂರಿಸಬೇಕು. ಕ್ರಮ ತಿಳಿಸಿ. ಹಿಂದಿನ ಸಲ ಒಂದು ಸ್ಕ್ರೂವಿನ ಥ್ರೆಡ್ ಹೋಗಿತ್ತು.

ಥ್ರೆಡ್ ಹೋಗಲು ಸಾಮಾನ್ಯವಾಗಿ ಎರಡೇ ಕಾರಣ: ಸ್ಕ್ರೂ ಗಿಡ್ಡವಾಗಿತ್ತು, ಇಲ್ಲವೇ ಓರೆಯಾಗಿ ಹೋಯಿತು. ಬೋರ್ಡಿನೊಳಗಿನ ಲೋಹದ ಗೂಡಿಗೆ ಹೋಗುವುದು 6 ಮಿ.ಮೀ. ಸ್ಕ್ರೂ, ಒಂದು ಸುತ್ತಿಗೆ 1 ಮಿ.ಮೀ. ಇಳಿಯುತ್ತದೆ. ಮೊದಲು ಬೈಂಡಿಂಗ್ ಇಲ್ಲದೆ ಬರೀ ಸ್ಕ್ರೂವನ್ನು ಬೆರಳಲ್ಲೇ ತಿರುಗಿಸಿ, ತಳ ಮುಟ್ಟಲು ಎಷ್ಟು ಸುತ್ತು ಎಂದು ಎಣಿಸಿ. ಆಮೇಲೆ ಬೈಂಡಿಂಗ್ ಇಟ್ಟು ಎಣಿಸಿದಾಗ ಕನಿಷ್ಠ 6 ಸುತ್ತು ಸಿಗಬೇಕು, ಆದರೆ ತಳ ಮುಟ್ಟುವ ಮೊದಲೇ ತಲೆ ಬಿಗಿಯಾಗಿ ಕೂರಬೇಕು. ಉದ್ದ ಹೆಚ್ಚಾದರೆ ಬೋರ್ಡಿನ ಅಡಿಯಲ್ಲಿ ಉಬ್ಬು ಏಳುತ್ತದೆ, ಬೈಂಡಿಂಗ್ ಅಲುಗುತ್ತಲೇ ಇರುತ್ತದೆ. ಇಳಿಜಾರು ತುಂಡು ಹಾಕಿ ಬೈಂಡಿಂಗ್ ಎತ್ತರಿಸಿದಾಗ ಹಳೆಯ ಸ್ಕ್ರೂ ಸಾಲುವುದಿಲ್ಲ ಎಂಬುದನ್ನು ಮರೆತೇ ಹೆಚ್ಚಿನವರು ಥ್ರೆಡ್ ಕಳೆದುಕೊಳ್ಳುವುದು.

ಎರಡು ಬೈಂಡಿಂಗ್‌ಗಳ ಅಂತರಕ್ಕೆ ಒಳಗಾಲಿನ ಉದ್ದವನ್ನು 0.6ರಿಂದ ಗುಣಿಸಿ, 80 ಸೆಂ.ಮೀ. ಕಾಲಿಗೆ 48. ಇದು ಆರಂಭ ಮಾತ್ರ, ಆಮೇಲೆ 1–2 ಸೆಂ.ಮೀ. ಆಚೀಚೆ ನೋಡಿ. ಎರಡರ ಮಧ್ಯಬಿಂದು ತಯಾರಕರು ಗುರುತು ಹಾಕಿದ ಜಾಗಕ್ಕೆ ಬರಲಿ. ಕೋನವನ್ನು ತಟ್ಟೆಯ ಗುರುತು ನೋಡಿ ಇಟ್ಟು, ನಾಲ್ಕೂ ಸ್ಕ್ರೂಗಳನ್ನು ಮೊದಲು ಕೈಯಲ್ಲೇ ಹಿಡಿಸಿ, ನಂತರ ಕರ್ಣದ ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿಯಿರಿ. ಪೋಝಿಡ್ರೈವ್ ತಲೆಯ ಸ್ಕ್ರೂವಿಗೆ 3ನೇ ನಂಬರಿನ ಪೋಝಿಡ್ರೈವ್ ಮೊನೆಯೇ ಬೇಕು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ತಲೆಯನ್ನು ತಿಂದುಹಾಕುತ್ತದೆ. ಅಲುಗದಿರಲು ನೀಲಿ ಬಗೆಯ ಥ್ರೆಡ್‌ಲಾಕರ್ ಒಂದು ಹನಿ ಸಾಕು. ಅದು ಕೆಲವು ಪ್ಲಾಸ್ಟಿಕ್ಕನ್ನು ಬಿರಿಯಿಸುತ್ತದೆ, ಹಾಗಾಗಿ ಲೋಹದ ಥ್ರೆಡ್ಡಿಗೆ ಮಾತ್ರ ಹಚ್ಚಿ, ಪ್ಲಾಸ್ಟಿಕ್ ಭಾಗಕ್ಕೆ ತಾಗದಂತೆ ಒರೆಸಿ.

ಕಂಬಿಯ ಬಿಗಿತ ನೋಡುವುದು ಕೊನೆಯ ಹೆಜ್ಜೆ. ಲಿವರ್ ಅಂಗೈ ಒತ್ತಿಗೆ ಗಟ್ಟಿಯಾಗಿ ಮುಚ್ಚಬೇಕು. ಬೆರಳಿಗೇ ಮುಚ್ಚಿದರೆ ಸಡಿಲ; ಮೈಭಾರ ಹಾಕಬೇಕಾಗಿ ಬಂದರೆ ಅತಿ ಬಿಗಿ, ಕಂಬಿ ಬಾಗಿ ಒಂದು ದಿನ ಮುರಿಯುತ್ತದೆ. ಮುಚ್ಚಿದ ಬೂಟನ್ನು ಹಿಡಿದು ಎಡಬಲ ಅಲುಗಿಸಿ. ಮನೆಯಲ್ಲಿ ಸರಿಯಿದ್ದ ಬಿಗಿತ ಸೋಲಿನಡಿ ಹಿಮ ಗಟ್ಟಿಕೊಂಡರೆ ಬದಲಾಗುತ್ತದೆ, ಆದ್ದರಿಂದ ಪ್ರತಿ ಸಲವೂ ಸೋಲನ್ನು ಕೆರೆದು ಹಾಕಿಕೊಳ್ಳಿ. ಈ ಬೈಂಡಿಂಗ್ ಸ್ಕೀ ಬೈಂಡಿಂಗಿನಂತೆ ಬಿದ್ದಾಗ ಬಿಟ್ಟುಕೊಳ್ಳುವಂಥದ್ದಲ್ಲ. ಒಂದು ಕಾಲು ಮಾತ್ರ ಕಳಚಿ ಇನ್ನೊಂದು ಸಿಕ್ಕಿಕೊಂಡರೆ ಮೊಣಕಾಲಿಗೇ ಅಪಾಯ.

ಪ್ರಶ್ನೆ: ತುಳಿದರೆ ಕೂರುವ ಸ್ಟೆಪ್-ಇನ್ ಒಳ್ಳೆಯದೋ, ಲಿವರ್ ಬೈಂಡಿಂಗೋ?

ಎರಡೂ ಒಳ್ಳೆಯವೇ. ಲಿವರಿನದು ತುಸು ಹಗುರ, ಪಕ್ಕಕ್ಕೆ ಸ್ವಲ್ಪ ಮೃದು. ಬೂಟಿನ ಹಿಮ್ಮಡಿಯಲ್ಲಿ ಪಿನ್ನುಗಳಿರುವ ಇಂಟೆಕ್ ಬಗೆಯ ಸ್ಟೆಪ್-ಇನ್ ಬಗ್ಗದೆ ಹಾಕಿಕೊಳ್ಳಲು ಸುಲಭ, ಹೆಚ್ಚು ಗಡಸು. ಅದರಲ್ಲಿ ಹಿಮ್ಮಡಿಯ ಎರಡು ಬದಿಯ ಪಿನ್ನುಗಳೂ ತೂತಿನಿಂದ ಹೊರಗೆ ಕಾಣಬೇಕು, ಒಂದಲ್ಲ. ಬಿಚ್ಚುವಾಗ ಪಿನ್ನನ್ನು ಒಳಕ್ಕೆ ಎಳೆಯುವ ತಂತಿ ಗಿಡ್ಡವಾಗಿ ಬಿಗಿದುಕೊಂಡಿದ್ದರೆ ಪಿನ್ನು ಪೂರ್ತಿ ಹೊರಬರುವುದಿಲ್ಲ. ಬೂಟಿನ ಬಕಲ್ ಹಾಕಿ ಮುಂದಕ್ಕೆ ಬಾಗಿಯೂ ತಂತಿ ಸಡಿಲವಾಗಿದೆಯೇ ನೋಡಿ.

ಪ್ರಶ್ನೆ: ಅರ್ಧ ದಿನ ಕಳೆದ ಮೇಲೆ ಹಿಂದಿನ ಮೊಣಕಾಲಿನ ಒಳಬದಿ ನೋಯುತ್ತದೆ. ಕೋನ, ಅಂತರ ಎರಡೂ ಸರಿಯಿವೆ.

ಪಾದ ಸಪಾಟಾಗಿ ಕೂತಿದ್ದು, ಮೊಣಕಾಲನ್ನು ನೀವೇ ಒಳಕ್ಕೆ ಹಿಂಡಿ ಹಿಡಿದಿದ್ದೀರಿ ಅನಿಸುತ್ತದೆ. ಮುಂದಿನ ಬೂಟಿನ ಬೆರಳು ಕಡೆ, ಹಿಂದಿನ ಬೂಟಿನ ಹಿಮ್ಮಡಿ ಕಡೆ 3 ಡಿಗ್ರಿ ಎತ್ತರಿಸಿ. ಎಫ್2 ಬೈಂಡಿಂಗಿನಲ್ಲಿ ಇದಕ್ಕೆ ಓರೆ ತುಂಡುಗಳಿವೆ. ಬಾಂಬರ್ ಟಿಡಿ3ಯಲ್ಲಿ 0, 3, 6 ಡಿಗ್ರಿ ತಟ್ಟೆಗಳು. ಹೀಗೆ ಎತ್ತಿದರೆ ಎರಡು ಮೊಣಕಾಲೂ ತಾವಾಗಿ ನಡುವಿಗೆ ವಾಲುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಅರ್ಧ ದಿನವಾದರೂ ಬಿಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ನೋವು ಹೋದರೂ ಯಾವುದರಿಂದ ಹೋಯಿತು ಎಂದು ತಿಳಿಯದು. ಊತ ಬಂದರೆ ಅಥವಾ ನಡೆಯುವಾಗಲೂ ನೋವಿದ್ದರೆ ಸ್ಕ್ರೂಡ್ರೈವರ್ ಕೆಳಗಿಟ್ಟು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಬೆರಳಂಚಿನ ತಿರುವು ಚೆನ್ನಾಗಿ ಬರುತ್ತದೆ. ಹಿಮ್ಮಡಿ ಅಂಚಿನಲ್ಲಿ ಬೋರ್ಡು ಟಕಟಕನೆ ಕುಣಿದು ಜಾರುತ್ತದೆ. ಬೋರ್ಡಿನ ದೋಷವೆ?

ಬೋರ್ಡಿನ ಮೇಲೆ ತಪ್ಪು ಹೊರಿಸುವ ಮೊದಲು ನಿಮ್ಮ ಗೆರೆಯ ಬಳಿ ಹತ್ತಿ ಹೋಗಿ ನೋಡಿ. ತೆಳು ಗೆರೆಯ ಪಕ್ಕದಲ್ಲಿ, ಒಳಬದಿಯಲ್ಲಿ, ಇನ್ನೊಂದು ಒರಟು ಕೆರೆತ ಇದ್ದರೆ ಅದು ಹಿಮ್ಮಡಿಯದು: ಬೂಟು ತಾಗುತ್ತಿದೆ, ಕೋನ ಹೆಚ್ಚಿಸಿ ಅಥವಾ ಬೂಟನ್ನು ಬೆರಳಂಚಿನ ಕಡೆ ಸರಿಸಿ. ಗೆರೆ ಅಗಲವಾಗಿ ಏಣಿಯ ಮೆಟ್ಟಿಲಂತೆ ತುಂಡುತುಂಡಾಗಿದ್ದರೆ ಅಂಚು ಹಿಡಿದು ಬಿಟ್ಟು ಹಿಡಿದು ಬಿಟ್ಟು ಸಾಗಿದೆ. ಅದಕ್ಕೆ ಮೊಂಡಾದ ಅಂಚು ಒಂದು ಕಾರಣ. ಇನ್ನೊಂದು, ಕುರ್ಚಿಯಲ್ಲಿ ಕೂತಂತೆ ಸೊಂಟ ಮಡಿಸಿ ಹಿಂದಕ್ಕೆ ವಾಲುವುದು. ಆಗ ಭಾರವೆಲ್ಲ ಬಾಲದ ಮೇಲೆ ಬಿದ್ದು ಮೂತಿ ಹಿಡಿಯುವುದಿಲ್ಲ. ಹಿಂದಿನ ಬೂಟಿನ ಮುಂಬಾಗನ್ನು ಒಂದು ಹಂತ ಹೆಚ್ಚಿಸಿದರೆ ಮೊಣಕಾಲು ಮಡಿಸಿ ಸೊಂಟವನ್ನು ಬೋರ್ಡಿನ ಮೇಲೆಯೇ ಇರಿಸುವುದು ಸುಲಭವಾಗುತ್ತದೆ. ಎದೆಯನ್ನು ಹೋಗುವ ದಿಕ್ಕಿಗೆ ತಿರುಗಿಸಿ ಹಿಡಿಯಿರಿ.

ಪ್ರಶ್ನೆ: ಅಂಚನ್ನು ಎಷ್ಟು ಡಿಗ್ರಿಗೆ ಹರಿತ ಮಾಡಬೇಕು?

ಅಡಿಯ ಕಡೆ ತಳದ ಮಟ್ಟದಿಂದ 0.5ರಿಂದ 1 ಡಿಗ್ರಿ ಓರೆ, ಪಕ್ಕದ ಕಡೆ ತಳಕ್ಕೆ 88 ಡಿಗ್ರಿ. ತೀರ ಗಟ್ಟಿ ಮಂಜುಗಡ್ಡೆಯಂಥ ಹಿಮಕ್ಕೆ 87. ಅಡಿಯ ಕೋನವನ್ನು ಪದೇ ಪದೇ ಮುಟ್ಟಬೇಡಿ. ಒಮ್ಮೆ ಹೆಚ್ಚಾದರೆ ಇಡೀ ತಳವನ್ನು ಯಂತ್ರದಲ್ಲಿ ಸವೆಸದೆ ಹಿಂದಕ್ಕೆ ಬರುವುದಿಲ್ಲ. ಪಕ್ಕದ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ಕೋನ ಹಿಡಿಯುವ ಗೈಡ್‌ಗೆ ಅರ ಸಿಕ್ಕಿಸಿ, ಮೂತಿಯಿಂದ ಬಾಲದ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಬಣ್ಣ ಅಂಚಿನ ತುದಿಯಲ್ಲಿ ಉಳಿದರೆ ಅರ ಇನ್ನೂ ತುದಿ ಮುಟ್ಟಿಲ್ಲ ಎಂದರ್ಥ. ಅಂಚಿನ ಮೇಲಿನ ಪ್ಲಾಸ್ಟಿಕ್ ಗೋಡೆ ಅರವನ್ನು ತಡೆಯುತ್ತಿದ್ದರೆ ಅದನ್ನು ಮೊದಲು ಹೆರೆದು ತೆಗೆಯಬೇಕು. ಅರದ ಗೀರು ಮಾಯಲು 200, 400, 600ರ ವಜ್ರದ ಸಾಣೆ ಅದೇ ಗೈಡ್‌ನಲ್ಲಿ, ಒದ್ದೆ ಮಾಡಿಕೊಂಡು. ಕೊನೆಯಲ್ಲಿ ಅಂಚಿನ ಮೇಲೆ ಎದ್ದ ಸಣ್ಣ ಮುಳ್ಳನ್ನು ರಬ್ಬರ್ ಸಾಣೆಯಿಂದ ಹಗುರಾಗಿ ಸವರಿ. ಮೊಂಡು ಮಾಡುವುದು ಬೋರ್ಡು ಹಿಮ ಮುಟ್ಟುವ ಬಿಂದುವಿನಿಂದಾಚೆ, ಮೂತಿ ಮತ್ತು ಬಾಲದ ತಿರುವಿನಲ್ಲಿ ಮಾತ್ರ.

ಪ್ರತಿ ದಿನ ಇಳಿದ ಮೇಲೆ ಒರೆಸಿ ಒಣಗಿಸಿ 400ರ ಸಾಣೆ ಎರಡು ಸಲ ಎಳೆದರೆ ಅರ ಹಿಡಿಯುವ ಕೆಲಸ ವಿರಳ.

ಪ್ರಶ್ನೆ: ಸ್ಪರ್ಧಿಗಳ ಬೋರ್ಡಿನ ಮೇಲೆ ಬೈಂಡಿಂಗಿನಡಿ ಉದ್ದನೆಯ ಪ್ಲೇಟ್ ಇರುತ್ತದಲ್ಲ, ಅದನ್ನೂ ಹಾಕಿಸಲೆ?

ಈಗಲ್ಲ. ಅದು ಬೋರ್ಡು ನಿಮ್ಮ ಪಾದದಡಿ ತಾನಾಗಿ ಬಾಗಲು ಬಿಟ್ಟು, ಒರಟು ಹಿಮದ ಪೆಟ್ಟನ್ನು ನುಂಗುತ್ತದೆ. ಆದರೆ ತೂಕ ಹೆಚ್ಚಿಸುತ್ತದೆ, ಎತ್ತರ ಹೆಚ್ಚಿಸುತ್ತದೆ, ಹಿಮದ ಸುದ್ದಿ ಪಾದಕ್ಕೆ ಮಸುಕಾಗಿ ತಲುಪುತ್ತದೆ. ಎರಡೂ ಅಂಚಿನಲ್ಲಿ ತೆಳು ಗೆರೆ ಸಲೀಸಾಗಿ ಬಂದ ಮೇಲೆ, ವೇಗದಲ್ಲಿ ಬೋರ್ಡು ನಡುಗುವುದೇ ತೊಡಕಾದಾಗ ಹಾಕಿಸಿ. ಅದಕ್ಕೆ ಬೇಕಾದ ತೂತುಗಳು ನಿಮ್ಮ ಬೋರ್ಡಿನಲ್ಲಿವೆಯೇ ಎಂದು ಕೊಳ್ಳುವಾಗಲೇ ನೋಡಿಟ್ಟುಕೊಳ್ಳಿ.